ಬಿಟಿಐ ಹಾಕಿದರೂ ಸಾಯದ ಲಾರ್ವಾಗಳು: ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಪ್ರಕರಣ

ಬೆಳ್ಳಂದೂರು ಕಡೆಯ ನಾಲ್ಕು ಬ್ಲಾಕ್‌ಗಳ ಅಪಾರ್ಟ್‌ಮೆಂಟ್. ಕೆಳಗೆ ಎರಡು ಬೇಸ್‌ಮೆಂಟ್, ಕೆಳಗಿನದರ ಮೂಲೆಯಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ. ಮುಂಗಾರು ಶುರುವಾದ ಮೇಲೆ ಎರಡು ಬಗೆಯ ದೂರು ಬರುತ್ತಿದ್ದವು. ಕತ್ತಲಾದ ಮೇಲೆ ಬೇಸ್‌ಮೆಂಟ್, ಲಿಫ್ಟ್ ಲಾಬಿ ಮತ್ತು ನೆಲಮಹಡಿಯ ಮನೆಗಳಲ್ಲಿ ಸೊಳ್ಳೆ ಕಾಟ. ಹಗಲು ಹೊತ್ತಿನಲ್ಲಿ ಪೋಡಿಯಂ ಉದ್ಯಾನದಲ್ಲಿ ಆಡುವ ಮಕ್ಕಳ ಕಾಲಿಗೆ ಕಡಿತ. ವಾರಕ್ಕೆ ಎರಡು ಸಲ ಫಾಗಿಂಗ್ ನಡೆದೇ ಇತ್ತು. ಹೊಗೆ ಆರಿದ ಎರಡನೇ ದಿನಕ್ಕೆ ಸೊಳ್ಳೆ ಮತ್ತೆ ಹಾಜರ್. ಫಾಗಿಂಗ್ ಹಾರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ, ನೀರಿನೊಳಗಿನ ಮರಿಗಳಿಗೆ (ಲಾರ್ವಾಗಳಿಗೆ) ಅದರಿಂದ ಏನೂ ಆಗದು ಎಂದು ತಿಳಿದ ಸಮಿತಿ, ಮರಿಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದಿಂದ ಮಾಡಿದ ಬಿಟಿಐ ಪುಡಿ ತರಿಸಿತು. 5 ಶೇಕಡಾ ವೆಟೆಬಲ್ ಪೌಡರ್ (ನೀರಿನಲ್ಲಿ ಕದಡಿ ಹಾಕುವ ಪುಡಿ), ಒಂದು ಕೆ.ಜಿ. ಪ್ಯಾಕೆಟ್. ಹದಿನೈದು ದಿನದ ಅಂತರದಲ್ಲಿ ಎರಡು ಸಲ ಹಾಕಿದರು. ಸೊಳ್ಳೆ ಕಡಿಮೆಯಾಗಲಿಲ್ಲ. ಪುಡಿ ಡೂಪ್ಲಿಕೇಟ್ ಎಂದರು ಕೆಲವರು, ಬೆಂಗಳೂರಿನ ಸೊಳ್ಳೆಗೆ ಈಗ ಯಾವ ಔಷಧಿಯೂ ನಾಟುವುದಿಲ್ಲ ಎಂದರು ಇನ್ನು ಕೆಲವರು.

ಎರಡೂ ಸುಳ್ಳೆಂದು ಮೂರು ದಿನದಲ್ಲಿ ಗೊತ್ತಾಯಿತು. ಬಿಟಿಐ ಮೈಗೆ ತಾಗಿ ಕೊಲ್ಲುವ ವಿಷವಲ್ಲ, ಹೊಟ್ಟೆಗೆ ಹೋಗಿ ಕೊಲ್ಲುವ ವಿಷ. ಪುಡಿಯ ಕಣ ತೇಲುತ್ತಿರುವಾಗಲೇ ಲಾರ್ವಾ ಅದನ್ನು ನುಂಗಬೇಕು. ಇಲ್ಲಿ ತಪ್ಪಿದ್ದೆಲ್ಲ ಕಣಕ್ಕೂ ಬಾಯಿಗೂ ನಡುವಿನ ದಾರಿಯಲ್ಲಿ.

ಹೊಟ್ಟೆಯೊಳಗೆ ಆಗುವುದೇನು

ಬಿಟಿಐ ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್. ಈ ಮಣ್ಣಿನ ಬ್ಯಾಕ್ಟೀರಿಯಾ 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ, ಸತ್ತು ತೇಲುತ್ತಿದ್ದ ಕ್ಯೂಲೆಕ್ಸ್ ಎಂಬ ಸೊಳ್ಳೆಯ ಲಾರ್ವಾಗಳ ನಡುವೆ ಸಿಕ್ಕಿತು. ಯೋಯೆಲ್ ಮಾರ್ಗಲಿತ್ ಮತ್ತು ಲೆನಾರ್ಡ್ ಗೋಲ್ಡ್‌ಬರ್ಗ್ ಅದನ್ನು ಕಂಡುಹಿಡಿದವರು. ಈ ಬ್ಯಾಕ್ಟೀರಿಯಾ ಬೀಜಕ ಕಟ್ಟುವ ಹೊತ್ತಿನಲ್ಲಿ ಪಕ್ಕದಲ್ಲೇ ಪ್ರೋಟೀನಿನ ಹರಳನ್ನೂ ಕಟ್ಟುತ್ತದೆ. ಹರಳಿನ ಗಾತ್ರ ಒಂದು ಮೈಕ್ರೋಮೀಟರ್ ಆಸುಪಾಸು. ಅದರಲ್ಲಿ ಮುಖ್ಯವಾಗಿ ನಾಲ್ಕು ವಿಷಗಳಿವೆ: ಕ್ರೈ 4ಎ, ಕ್ರೈ 4ಬಿ, ಕ್ರೈ 11ಎ, ಮತ್ತು ಅವಕ್ಕಿಂತ ಬಹಳ ಚಿಕ್ಕದಾದ ಸಿಟ್ 1ಎ. ನಾಲ್ಕರ ಜೀನ್‌ಗಳೂ ಒಂದೇ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದ ಪ್ರತ್ಯೇಕ ಡಿಎನ್‌ಎ ತುಣುಕು) ಮೇಲಿವೆ.

ಹರಳಿನ ರೂಪದಲ್ಲಿ ಇವು ಯಾವುದೂ ವಿಷವಾಗಿ ಕೆಲಸ ಮಾಡುವುದಿಲ್ಲ. ಲಾರ್ವಾ ಬಾಯಿಯ ಕುಂಚಗಳನ್ನು ಆಡಿಸಿ ನೀರಿನಲ್ಲಿರುವ ಸಣ್ಣ ಕಣಗಳನ್ನು ಸೋಸಿ ತಿನ್ನುತ್ತದೆ. ಪಾಚಿ, ಬ್ಯಾಕ್ಟೀರಿಯಾ, ಕೊಳೆತ ಎಲೆಯ ಪುಡಿ, ಎಲ್ಲವೂ ಅದಕ್ಕೆ ಆಹಾರ. ಹರಳೂ ಹಾಗೆಯೇ ಒಳಗೆ ಹೋಗುತ್ತದೆ. ಸೊಳ್ಳೆ ಲಾರ್ವಾದ ಮಧ್ಯಕರುಳಿನ ಮುಂಭಾಗ ಬಹಳ ಕ್ಷಾರೀಯ, ಪಿಎಚ್ 10ಕ್ಕೂ ಮೇಲೆ. ಅಲ್ಲಿ ಹರಳು ಕರಗುತ್ತದೆ. ಕರಗಿದ ಪ್ರೋಟೀನನ್ನು ಲಾರ್ವಾದ್ದೇ ಜೀರ್ಣರಸದ ಕಿಣ್ವಗಳು ಕತ್ತರಿಸುತ್ತವೆ. ಕತ್ತರಿಸಿದ ಮೇಲೆಯೇ ಅದು ಚುರುಕಾಗುವುದು. ಕ್ರೈ ವಿಷಗಳು ಕರುಳಿನ ಒಳಪದರದ ಜೀವಕೋಶಗಳ ಮೇಲಿರುವ ಕ್ಯಾಡ್‌ಹೆರಿನ್, ಅಮೈನೊಪೆಪ್ಟಿಡೇಸ್, ಆಲ್ಕಲೈನ್ ಫಾಸ್ಫಟೇಸ್‌ನಂಥ ಪ್ರೋಟೀನುಗಳಿಗೆ ಅಂಟಿ, ಹಲವು ಒಟ್ಟುಗೂಡಿ, ಕೋಶದ ಪೊರೆಯಲ್ಲಿ ರಂಧ್ರ ಮಾಡುತ್ತವೆ. ಉಪ್ಪು, ನೀರು ಎರಡರ ಹತೋಟಿಯೂ ತಪ್ಪಿ ಕೋಶ ಊದಿ ಒಡೆಯುತ್ತದೆ. ಲಾರ್ವಾ ಮೊದಲು ತಿನ್ನುವುದನ್ನು ನಿಲ್ಲಿಸುತ್ತದೆ, ಆಮೇಲೆ ಮಂಕಾಗುತ್ತದೆ, ಒಂದು ದಿನದೊಳಗೆ ಸಾಯುತ್ತದೆ. ಕೊಲ್ಲುವುದು ವಿಷದ ಹರಳೇ. ಬ್ಯಾಕ್ಟೀರಿಯಾ ಒಳಗೆ ಬೆಳೆದು ಸೋಂಕಾಗಬೇಕೆಂದೇನಿಲ್ಲ.

ಸಿಟ್ 1ಎ ಈ ಗುಂಪಿನಲ್ಲಿ ಬೇರೆಯೇ ಜಾತಿಯದು. ಅದಕ್ಕೆ ಕರುಳಿನ ಪ್ರೋಟೀನು ಬೇಡ, ಪೊರೆಯ ಕೊಬ್ಬಿಗೇ ನೇರವಾಗಿ ಕೂರುತ್ತದೆ. ಕೂತ ಮೇಲೆ ಕ್ರೈ 11ಎಗೆ ಅಂಟಿಕೊಳ್ಳಲು ತಾನೇ ಜಾಗ ಒದಗಿಸುತ್ತದೆ. ಅಂದರೆ ಸೊಳ್ಳೆ ತನ್ನ ಕರುಳಿನ ಪ್ರೋಟೀನನ್ನು ಬದಲಾಯಿಸಿಕೊಂಡು ಕ್ರೈ ವಿಷದಿಂದ ತಪ್ಪಿಸಿಕೊಂಡರೂ ಸಿಟ್ 1ಎ ಇನ್ನೊಂದು ಬಾಗಿಲು ತೆರೆದುಕೊಡುತ್ತದೆ. ಪ್ರಯೋಗಾಲಯದಲ್ಲಿ ಒಂದೇ ಕ್ರೈ ವಿಷವನ್ನು ತಲೆಮಾರುಗಟ್ಟಲೆ ಕೊಟ್ಟಾಗ ಕ್ಯೂಲೆಕ್ಸ್ ಸೊಳ್ಳೆ ಅದಕ್ಕೆ ಬೇಗ ಒಗ್ಗಿಕೊಂಡಿದೆ. ಸಿಟ್ 1ಎ ಜೊತೆಗಿದ್ದಾಗ ಹಾಗೆ ಒಗ್ಗಲಾರದು. ಬಿಟಿಐ ದಶಕಗಳಿಂದ ಬಳಕೆಯಲ್ಲಿದ್ದರೂ ಇನ್ನೂ ನಾಟುತ್ತಿರುವುದಕ್ಕೆ ಇದೇ ದೊಡ್ಡ ಕಾರಣ. ಆದ್ದರಿಂದ 'ಸೊಳ್ಳೆ ಒಗ್ಗಿಹೋಗಿದೆ' ಎಂಬ ಮಾತನ್ನು ಬಿಟಿಐ ವಿಷಯದಲ್ಲಿ ಕೊಟ್ಟಕೊನೆಗೆ ನಂಬಬೇಕು, ಅದೂ ಪರೀಕ್ಷೆ ಮಾಡಿದ ಮೇಲೆ.

ಮನುಷ್ಯನ ಹೊಟ್ಟೆ ಆಮ್ಲೀಯ, ಈ ವಿಷಗಳು ಅಂಟಿಕೊಳ್ಳಲು ಬೇಕಾದ ಕರುಳಿನ ಪ್ರೋಟೀನುಗಳೂ (ಗ್ರಾಹಕಗಳೂ) ನಮ್ಮಲ್ಲಿಲ್ಲ. ಮೀನಿಗೆ, ಜೇನಿಗೆ, ನಾಯಿ ಬೆಕ್ಕಿಗೆ ಅಪಾಯವಿಲ್ಲ. ಎಸ್‌ಟಿಪಿಯ ಉಪಕಾರಿ ಬ್ಯಾಕ್ಟೀರಿಯಾಗಳಿಗೂ ಧಕ್ಕೆಯಿಲ್ಲ.

ಎಲ್ಲೆಲ್ಲಿ ಮರಿ ಇದ್ದವು

350 ಮಿ.ಲೀ. ಹಿಡಿಯುವ ಬಿಳಿ ಡಿಪ್ಪರಿನಲ್ಲಿ ಒಂದೊಂದು ಜಾಗದಲ್ಲೂ ಹತ್ತು ಸಲ ನೀರೆತ್ತಿ ನೋಡಿದಾಗ ಚಿತ್ರ ಸ್ಪಷ್ಟವಾಯಿತು. ರಾತ್ರಿಯ ಸೊಳ್ಳೆ ಕ್ಯೂಲೆಕ್ಸ್ ಕ್ವಿಂಕಿಫಾಸಿಯೇಟಸ್. ಅದರ ಲಾರ್ವಾ ಉದ್ದನೆಯ ಉಸಿರುನಳಿಕೆ ಮೇಲೆ ಮಾಡಿ ತಲೆಕೆಳಗಾಗಿ ಓರೆಯಾಗಿ ತೂಗುತ್ತದೆ, ಗಲೀಜು ನೀರು ಅದಕ್ಕೆ ಇಷ್ಟ. ಎರಡು ಕಡೆ ಅದು ತುಂಬಿತ್ತು: ಕೆಳ ಬೇಸ್‌ಮೆಂಟಿನ ಸುತ್ತ ಜಾಲರಿ ಮುಚ್ಚಿದ ಚರಂಡಿಯಲ್ಲಿ, ಮತ್ತು ಎಸ್‌ಟಿಪಿಗೆ ಬರುವ ಕೊಳಚೆ ಮೊದಲು ಸೇರುವ ಈಕ್ವಲೈಸೇಷನ್ ಟ್ಯಾಂಕಿನಲ್ಲಿ. ಏರೇಷನ್ ಟ್ಯಾಂಕಿನಲ್ಲಿ ಒಂದೂ ಇರಲಿಲ್ಲ. ಸದಾ ಗಾಳಿ ಉಕ್ಕುವ ನೀರಿನಲ್ಲಿ ಲಾರ್ವಾಗೆ ಮೇಲೆ ನಿಂತು ಉಸಿರಾಡಲು ಆಗದು.

ಈಕ್ವಲೈಸೇಷನ್ ಟ್ಯಾಂಕಿಗೂ ಬ್ಲೋವರ್ ಗಾಳಿ ಹೋಗುತ್ತದೆ, ಹಾಗಿದ್ದೂ ಅಲ್ಲಿ ಹೇಗೆ ಮರಿ ಎಂಬ ಪ್ರಶ್ನೆಗೆ ಆಪರೇಟರ್ ಬಳಿ ಉತ್ತರವಿತ್ತು. "ರಾತ್ರಿ ಹತ್ತಕ್ಕೆ ಬ್ಲೋವರ್ ಆಫ್ ಮಾಡ್ತೀವಿ ಸಾರ್. ಸೌಂಡ್ ಬರುತ್ತೆ ಅಂತ ಗ್ರೌಂಡ್ ಫ್ಲೋರ್ ಮೇಡಂ ಫೋನ್ ಮಾಡ್ತಾರೆ." ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಆ ಟ್ಯಾಂಕಿಗೆ ಗಾಳಿ ಇಲ್ಲ. ಹಗಲಲ್ಲೂ ಎರಡು ಮೂಲೆಯ, ನೀರಿನೊಳಗೆ ಗಾಳಿಗುಳ್ಳೆ ಬಿಡುವ ಡಿಫ್ಯೂಸರ್‌ಗಳು ಕಟ್ಟಿಕೊಂಡು, ಅಲ್ಲಿ ನೀರು ಅಲುಗದೆ ಕೆನೆಗಟ್ಟಿತ್ತು. ಮೊಟ್ಟೆ ಇಡಲು ಕ್ಯೂಲೆಕ್ಸ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಹಗಲು ಕಚ್ಚುವುದು ಈಡಿಸ್. ಅದರ ಮರಿಗಳು ಕುಂಡದ ತಟ್ಟೆಗಳಲ್ಲಿ, ನಿಂತುಹೋದ ಕಾರಂಜಿಯಲ್ಲಿ, ಮಳೆನೀರು ಫಿಲ್ಟರಿನ ತೊಟ್ಟಿಯಲ್ಲಿ. ಕೆರೆ ಕಡೆಗೆ ಮುಖ ಮಾಡಿದ ಬ್ಲಾಕಿನವರು ಸಂಜೆ ಟ್ಯೂಬ್‌ಲೈಟ್ ಸುತ್ತ ಮುತ್ತುವ ಹುಳುಗಳ ಫೋಟೋ ಕಳಿಸಿದ್ದರು. ಅವು ಕಚ್ಚದ ಕೈರೊನೊಮಿಡ್ ಹುಳುಗಳು, ಸೊಳ್ಳೆಯಲ್ಲ. ಬೆಳ್ಳಂದೂರು, ವರ್ತೂರು ಸುತ್ತಮುತ್ತ ಅರ್ಧ ಗಾಬರಿ ಈ ಹುಳುಗಳದ್ದೇ.

ಪುಡಿಯ ಪರೀಕ್ಷೆ

ಪುಡಿ ಕೆಟ್ಟಿದೆಯೋ, ಸೊಳ್ಳೆ ಒಗ್ಗಿದೆಯೋ, ನೀರೇ ಅಡ್ಡಿಯೋ ಎಂದು ತಿಳಿಯಲು ನಾಲ್ಕು ಬಗೆಯ ಪೇಪರ್ ಕಪ್ ಸಾಕು. ಲಾರ್ವಾ ಬೆಳೆಯುವುದು ನಾಲ್ಕು ಹಂತಗಳಲ್ಲಿ. ಚರಂಡಿಯಿಂದ ಮೂರನೇ ಹಂತದ ಕೊನೆಯ, ನಾಲ್ಕನೇ ಹಂತದ ಮೊದಲಿನ ಲಾರ್ವಾಗಳನ್ನು ಡ್ರಾಪರಿನಲ್ಲಿ ಆರಿಸಿ, ಕಪ್ ಒಂದಕ್ಕೆ 25ರಂತೆ ಬಿಡಬೇಕು. ಪೂರ್ತಿ ಬೆಳೆದ ನಾಲ್ಕನೇ ಹಂತದವನ್ನು ತೆಗೆದುಕೊಂಡರೆ ಅವು ತಿನ್ನುವುದನ್ನು ನಿಲ್ಲಿಸಿರುತ್ತವೆ, ಪರೀಕ್ಷೆಯೇ ದಂಡ.

ಒಂದು ಗ್ರಾಂ ಪುಡಿಯನ್ನು ಒಂದು ಲೀಟರ್ ಕ್ಲೋರಿನ್ ಇಲ್ಲದ ನೀರಿನಲ್ಲಿ ಕಲಕಿ, ಅದರಲ್ಲಿ 100 ಮಿ.ಲೀ. ತೆಗೆದು ಮತ್ತೆ ಒಂದು ಲೀಟರ್ ಮಾಡಿದರೆ ಲೀಟರಿಗೆ 100 ಮಿ.ಗ್ರಾಂ. ದ್ರಾವಣ ಸಿಗುತ್ತದೆ. ಇದರ 5 ಮಿ.ಲೀ.ಯನ್ನು 95 ಮಿ.ಲೀ. ನೀರಿರುವ ಕಪ್ಪಿಗೆ ಹಾಕಿದರೆ ಲೀಟರಿಗೆ 5 ಮಿ.ಗ್ರಾಂ. ಪ್ರತಿ ಸಲ ಅಳೆಯುವ ಮುನ್ನ ಬಾಟಲಿ ಕುಲುಕಲೇಬೇಕು. ಇದು ಕರಗುವ ಪುಡಿಯಲ್ಲ, ತೇಲಿ ಕೂರುವ ಪುಡಿ.

ಮೊದಲ ಕಪ್‌ನಲ್ಲಿ ಬರೀ ಬೋರ್‌ವೆಲ್ ನೀರು. ಎರಡನೆಯದರಲ್ಲಿ ಬೋರ್‌ವೆಲ್ ನೀರು ಮತ್ತು ಪುಡಿ. ಮೂರನೆಯದರಲ್ಲಿ ಚರಂಡಿಯ ನೀರು ಮತ್ತು ಅಷ್ಟೇ ಪುಡಿ. ನಾಲ್ಕನೆಯದರಲ್ಲಿ ಬರೀ ಚರಂಡಿ ನೀರು. 24 ಗಂಟೆಯ ನಂತರ ಸೂಜಿಯಿಂದ ಮುಟ್ಟಿ ನೋಡಿ, ಅಲುಗದವನ್ನು ಸತ್ತವೆಂದು ಎಣಿಸಿದರು. ಪುಡಿ ಹಾಕದ ಕಪ್‌ಗಳಲ್ಲೇ 20 ಶೇಕಡಾಕ್ಕಿಂತ ಹೆಚ್ಚು ಸತ್ತಿದ್ದರೆ ಇಡೀ ಪರೀಕ್ಷೆಯನ್ನು ಬಿಟ್ಟು ಮತ್ತೆ ಮಾಡಬೇಕಾಗುತ್ತಿತ್ತು, ಇಲ್ಲಿ ಹಾಗಾಗಲಿಲ್ಲ.

ಎರಡನೇ ಕಪ್‌ನಲ್ಲಿ ಎಲ್ಲವೂ ಸತ್ತಿದ್ದವು. ಮೂರನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಬದುಕಿದ್ದವು. ಪುಡಿ ಒಂದೇ, ಲಾರ್ವಾಗಳೂ ಒಂದೇ ಚರಂಡಿಯವು. ಹಾಗಾಗಿ ಪುಡಿ ಡೂಪ್ಲಿಕೇಟ್ ಅಲ್ಲ, ಸೊಳ್ಳೆ ಒಗ್ಗಿಯೂ ಇಲ್ಲ. ಉಳಿದದ್ದು ನೀರು, ಮತ್ತು ಹಾಕಿದ ರೀತಿ.

ಎಲ್ಲಿ ತಪ್ಪಿತು

ಚರಂಡಿಯ ತಳದಲ್ಲಿ ಕಾರು ತೊಳೆದ ಮಣ್ಣು, ಕೊಳೆತ ಎಲೆ, ಎಣ್ಣೆ ಸೇರಿ ನೀರು ಕಪ್ಪಾಗಿತ್ತು. ಇಂಥ ನೀರಿನಲ್ಲಿ ಎರಡು ಅಡ್ಡಿ. ಹರಳುಗಳು ಮಣ್ಣಿಗೂ ಕೊಳೆಗೂ ಅಂಟಿಕೊಂಡು ತಳ ಸೇರುತ್ತವೆ. ತೇಲುತ್ತಾ ಉಳಿದವೂ ಸಾವಿರಾರು ಬೇರೆ ಕಣಗಳ ನಡುವೆ ಹಂಚಿಹೋಗುತ್ತವೆ. ಲಾರ್ವಾದ ಹೊಟ್ಟೆ ಬೇರೆ ತಿನಿಸಿನಿಂದಲೇ ತುಂಬಿ, ವಿಷ ಸಾಯುವಷ್ಟು ಸೇರುವುದೇ ಇಲ್ಲ.

ಪ್ಯಾಕೆಟ್ ಮೇಲಿನ ಪ್ರಮಾಣ ಹೆಕ್ಟೇರಿಗೆ 5 ಕೆ.ಜಿ., ಅಂದರೆ ಚದರ ಮೀಟರಿಗೆ ಅರ್ಧ ಗ್ರಾಂ. ಚರಂಡಿಯ ಉದ್ದ 180 ಮೀಟರ್, ಅಗಲ 30 ಸೆಂ.ಮೀ., ಒಟ್ಟು 54 ಚದರ ಮೀಟರ್. 27 ಗ್ರಾಂ ಪುಡಿ ಸಾಕು, ಗಲೀಜು ನೀರಿಗೆ ದುಪ್ಪಟ್ಟು ಎಂದರೂ 54 ಗ್ರಾಂ. ಹೌಸ್‌ಕೀಪಿಂಗ್‌ನವರು ಹಾಕಿದ್ದು ಇದಕ್ಕಿಂತ ಎಷ್ಟೋ ಹೆಚ್ಚು. ಆದರೆ ಜಾಲರಿ ಎತ್ತಲು ಬಂದ ನಾಲ್ಕೇ ಕಡೆ, ಮಗ್‌ನಲ್ಲಿ ಸುರಿದಿದ್ದರು. ನೀರು ಹರಿಯದ ಚರಂಡಿಯಲ್ಲಿ ಅದು ಸುರಿದ ಜಾಗದ ಅಕ್ಕಪಕ್ಕದಲ್ಲೇ ಕೂತಿತು. ಉಳಿದ ನೂರೈವತ್ತಕ್ಕೂ ಹೆಚ್ಚು ಮೀಟರಿಗೆ ಪುಡಿ ತಲುಪಲೇ ಇಲ್ಲ.

ಇನ್ನೊಂದು ತಪ್ಪು ಬಕೆಟಿನಲ್ಲೇ ಆಗಿತ್ತು. ಒಂದೇ ಓಡಾಟದಲ್ಲಿ ಎರಡು ಕೆಲಸ ಮುಗಿಯಲಿ ಎಂದು ಬಿಟಿಐಯನ್ನು ಬ್ಲೀಚಿಂಗ್ ಪೌಡರ್ ಕಲಸಿದ ಡ್ರಮ್ಮಿಗೇ ಹಾಕಿದ್ದರು. ಹರಳು ಕರಗುವುದು ಕ್ಷಾರದಲ್ಲಿ. ಬ್ಲೀಚಿಂಗ್ ಪೌಡರ್ ಕಲಸಿದ ನೀರು ಬಲವಾದ ಕ್ಷಾರ. ಲಾರ್ವಾದ ಕರುಳಿನಲ್ಲಿ ನಡೆಯಬೇಕಾದ್ದು ಡ್ರಮ್ಮಿನಲ್ಲೇ ನಡೆದುಹೋಯಿತು. ಮೇಲೆ ಕ್ಲೋರಿನ್ ಪ್ರೋಟೀನನ್ನು ಹಾಳುಮಾಡುತ್ತದೆ. ಹಾಳಾಗದೆ ಉಳಿದ ವಿಷವೂ ಕರಗಿದ ರೂಪದಲ್ಲಿದ್ದರೆ ಪ್ರಯೋಜನ ಕಡಿಮೆ, ಏಕೆಂದರೆ ಲಾರ್ವಾ ಸೋಸಿ ತಿನ್ನುವುದು ಕಣವನ್ನು. ಕರಗಿದ್ದನ್ನು ಅದು ಹಿಡಿಯಲಾರದು. ಈ ಮಿಶ್ರಣವನ್ನು ಕಪ್‌ನಲ್ಲಿ ಪರೀಕ್ಷಿಸುವ ಗೋಜಿಗೆ ಹೋಗಲಿಲ್ಲ. ಕ್ಲೋರಿನ್ ತಾನೇ ಲಾರ್ವಾಗಳನ್ನು ಕೊಲ್ಲಬಹುದಾದ್ದರಿಂದ ಫಲಿತಾಂಶ ಗೊಂದಲದ್ದೇ ಆಗುತ್ತಿತ್ತು. ಎರಡನ್ನು ಬೆರೆಸುವುದನ್ನು ನಿಲ್ಲಿಸಿದರೆ ಸಾಕಿತ್ತು.

ಈಕ್ವಲೈಸೇಷನ್ ಟ್ಯಾಂಕಿನ ಲೆಕ್ಕ ಬೇರೆ. ಚದರ ಮೀಟರಿಗೆ ಅರ್ಧ ಗ್ರಾಂ ಎಂಬುದು ಮೇಲ್ಮೈಯ ಲೆಕ್ಕ. ನೀರು 10 ಸೆಂ.ಮೀ. ಆಳವಿದ್ದರೆ ಅದು ಲೀಟರಿಗೆ 5 ಮಿ.ಗ್ರಾಂ. ಆಗುತ್ತದೆ. ಅದೇ ಪುಡಿಯನ್ನು 2 ಮೀಟರ್ ಆಳದ ಟ್ಯಾಂಕಿಗೆ ಹಾಕಿ ಪೂರ್ತಿ ಕಲಕಿದರೆ ಲೀಟರಿಗೆ ಕಾಲು ಮಿ.ಗ್ರಾಂ.! ಬೆಳಗ್ಗೆ ಐದೂವರೆಗೆ ಪುಡಿ ಹಾಕಿ, ಆರಕ್ಕೆ ಬ್ಲೋವರ್ ಚಾಲೂ ಮಾಡುತ್ತಿದ್ದರು. ಅರ್ಧ ಗಂಟೆಯಲ್ಲಿ ಮೇಲ್ಪದರದ ವಿಷ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತಿತ್ತು.

ಕೊನೆಯದು, ಫಲಿತಾಂಶ ನೋಡಿದ ಬಗೆ. ಪುಡಿ ಹಾಕಿದ ಮರುದಿನ ನೀರಿನಲ್ಲಿ ಏನೋ ಅಲುಗುತ್ತಿದೆ ಎಂದು ವಾಟ್ಸ್ಯಾಪ್ ಗುಂಪಿಗೆ ವಿಡಿಯೋ ಬಂದಿತ್ತು. ವಿಡಿಯೋದಲ್ಲಿದ್ದ ಅಲ್ಪವಿರಾಮ ಚಿಹ್ನೆಯ ಆಕಾರದವು ಬಹುಪಾಲು ಪ್ಯೂಪಾಗಳು, ಅಂದರೆ ಲಾರ್ವಾ ಮುಗಿದು ಸೊಳ್ಳೆಯಾಗುವ ಮುನ್ನಿನ ಹಂತದವು. ಪ್ಯೂಪಾ ಏನನ್ನೂ ತಿನ್ನುವುದಿಲ್ಲ, ಆದ್ದರಿಂದ ಬಿಟಿಐನಿಂದ ಸಾಯುವುದೂ ಇಲ್ಲ. ಎರಡು ಮೂರು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಮರುದಿನ ನೋಡಬೇಕಾದ್ದು ಲಾರ್ವಾಗಳನ್ನು ಮಾತ್ರ.

ಮತ್ತೆ ಹಾಕಿದ ಕ್ರಮ

ಮೊದಲು ಚರಂಡಿಯ ಹೂಳು ತೆಗೆಸಿದರು. ಎರಡು ಕಡೆ ಇಳಿಜಾರು ಉಲ್ಟಾ ಇತ್ತು, ಸಿಮೆಂಟ್ ಹಾಕಿ ಸರಿಪಡಿಸಿದರು. ಇದೊಂದರಿಂದಲೇ ಚರಂಡಿಯ ಬಹುಭಾಗ ಒಣಗಿತು. ನಿಜ ಹೇಳಬೇಕೆಂದರೆ ಇಡೀ ಪ್ರಕರಣದಲ್ಲಿ ಹೆಚ್ಚು ಸೊಳ್ಳೆ ಕಡಿಮೆ ಮಾಡಿದ್ದು ಸನಿಕೆ. ನೀರು ನಿಲ್ಲುವ ಉಳಿದ ಭಾಗಕ್ಕಷ್ಟೇ ಪುಡಿ.

ಪುಡಿಯನ್ನು ನೇರ ಸ್ಪ್ರೇಯರಿಗೆ ಸುರಿದರೆ ಗಂಟಾಗಿ ನಾಜಲ್ ಕಟ್ಟಿಕೊಳ್ಳುತ್ತದೆ. ರಾಗಿ ಅಂಬಲಿಗೆ ಹಿಟ್ಟು ಕದಡುವಂತೆ ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದೆ ಕಲಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಬೆನ್ನಿಗೆ ಹಾಕುವ ಸ್ಪ್ರೇಯರಿನ 10 ಲೀಟರ್ ನೀರಿಗೆ ಸೇರಿಸಿದರು. ಗಲೀಜು ನೀರಿಗೆ ಚದರ ಮೀಟರಿಗೆ ಒಂದು ಗ್ರಾಂ. ಕಲಸಿದ್ದನ್ನು ಆವತ್ತೇ ಮುಗಿಸಬೇಕು, ನಾಳೆಗೆ ಇಡುವಂತಿಲ್ಲ. ನಡುನಡುವೆ ಸ್ಪ್ರೇಯರ್ ಅಲುಗಿಸುತ್ತಿರಬೇಕು. ಜಾಲರಿಯ ಮೇಲಿನಿಂದಲೇ, ಚರಂಡಿಯ ಉದ್ದಕ್ಕೂ ನಡೆಯುತ್ತಾ ಸಿಂಪಡಿಸಿದರು. ಉಳಿದ ಪುಡಿ ಪ್ಯಾಕೆಟಿನ ಬಾಯಿ ಬಿಗಿದು, ಬಿಸಿಯ ಪಂಪ್‌ರೂಮಿನಿಂದ ಆಫೀಸಿನ ಕಪಾಟಿಗೆ ಹೋಯಿತು.

ಈಕ್ವಲೈಸೇಷನ್ ಟ್ಯಾಂಕು 6 ಮೀಟರ್ ಉದ್ದ, 4 ಮೀಟರ್ ಅಗಲ. 24 ಚದರ ಮೀಟರಿಗೆ 24 ಗ್ರಾಂ. ರಾತ್ರಿ ಬ್ಲೋವರ್ ನಿಲ್ಲಿಸಿದ ಕೂಡಲೇ ಮ್ಯಾನ್‌ಹೋಲಿನ ಮೇಲಿಂದ ಸಿಂಪಡಿಸಿದರೆ ಬೆಳಗ್ಗೆ ಆರರವರೆಗೆ ಎಂಟು ಗಂಟೆ ನೀರು ನಿಶ್ಚಲ. ಇದು ತಾತ್ಕಾಲಿಕ. ಡಿಫ್ಯೂಸರ್ ಬದಲಾಯಿಸಿ, ಬ್ಲೋವರಿಗೆ ಸೌಂಡ್ ಹುಡ್ ಹಾಕಿಸಿ, ರಾತ್ರಿಯೂ ಟೈಮರಿನಲ್ಲಿ ಓಡಿಸಲು ಶುರುಮಾಡಿದ ಮೇಲೆ ಅಲ್ಲಿಗೆ ಪುಡಿಯೇ ಬೇಕಾಗಲಿಲ್ಲ. ಟ್ಯಾಂಕಿನ ಗಾಳಿ ಪೈಪಿಗೆ ಸೊಳ್ಳೆ ಜಾಲರಿ ಕಟ್ಟಿದರು. ಯಾವ ಕಾರಣಕ್ಕೂ ಯಾರನ್ನೂ ಟ್ಯಾಂಕಿನೊಳಗೆ ಇಳಿಸಬಾರದು. ಹೈಡ್ರೋಜನ್ ಸಲ್ಫೈಡ್ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ, ರಕ್ಷಣೆ ಇಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯಂತೆ ಅಪರಾಧ ಕೂಡ.

ಅಂತರ ಹದಿನೈದು ದಿನದಿಂದ ಏಳು ದಿನಕ್ಕೆ ಬಂತು. ನಮ್ಮ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದೂವರೆ ವಾರ ಸಾಕು, ಬಿಸಿ ಹೆಚ್ಚಾದರೆ ಇನ್ನೂ ಬೇಗ. ಕೊಳಕು ನೀರಿನಲ್ಲಿ ಬಿಟಿಐ ಕೆಲವೇ ದಿನ ಚುರುಕಾಗಿರುತ್ತದೆ. ಹದಿನೈದು ದಿನಕ್ಕೊಮ್ಮೆ ಹಾಕಿದರೆ ನಡುವೆ ಒಂದು ಇಡೀ ಪೀಳಿಗೆ ತಪ್ಪಿಸಿಕೊಳ್ಳುತ್ತದೆ.

ಗಲೀಜು ನೀರಿನಲ್ಲಿ ಹೆಚ್ಚು ದಿನ ಉಳಿಯುವ ಇನ್ನೊಂದು ಬ್ಯಾಕ್ಟೀರಿಯಾ ಇದೆ, ಲೈಸಿನಿಬ್ಯಾಸಿಲಸ್ ಸ್ಫೇರಿಕಸ್. ಅದನ್ನೇಕೆ ಹಾಕಬಾರದು ಎಂದು ಸಮಿತಿಯವರು ಕೇಳಿದ್ದರು. ಅದರ ಮುಖ್ಯ ವಿಷ ಬಿನ್ ಎಂಬ ಜೋಡಿ ಪ್ರೋಟೀನು, ಅದು ಕ್ಯೂಲೆಕ್ಸ್ ಕರುಳಿನ ಒಂದೇ ಗ್ರಾಹಕಕ್ಕೆ ಅಂಟುತ್ತದೆ. ಆ ಒಂದು ಬಾಗಿಲನ್ನು ಸೊಳ್ಳೆ ಮುಚ್ಚಿಕೊಂಡರೆ ಮುಗಿಯಿತು. ಕೊಚ್ಚಿಯಲ್ಲಿ ಹಾಗೆಯೇ ಆಯಿತು. ಅಲ್ಲಿನ ಕ್ಯೂಲೆಕ್ಸ್ ಇದಕ್ಕೆ ತೀವ್ರವಾಗಿ ಒಗ್ಗಿಕೊಂಡದ್ದು 1995ರಲ್ಲೇ ವರದಿಯಾಗಿದೆ. ಈಡಿಸ್ ಈಜಿಪ್ಟಿ ಮೇಲಂತೂ ಅದು ಹೆಚ್ಚು ನಾಟುವುದಿಲ್ಲ. ಹಾಕುವುದಾದರೆ ಬಿಟಿಐ ಜೊತೆ ಸರದಿಯಲ್ಲಿ ಹಾಕಬೇಕು. ಹೂಳು ತೆಗೆದ ಈ ಚರಂಡಿಗೆ ಅದರ ಅಗತ್ಯ ಕಾಣಲಿಲ್ಲ.

ಹೊಸ ಕ್ರಮದಲ್ಲಿ ಹಾಕಿದ ಮರುದಿನವೇ ಚರಂಡಿಯಲ್ಲಿ ಲಾರ್ವಾಗಳು ಸತ್ತು ತೇಲಿದವು. ಉಳಿದ ಪ್ಯೂಪಾಗಳನ್ನು ಟೀ ಸೋಸುವ ಜಾಲರಿಯಿಂದ ತೆಗೆದರು. ಎರಡನೇ ವಾರದ ಹೊತ್ತಿಗೆ ಡಿಪ್ಪರಿಗೆ ಸಿಕ್ಕಿದ್ದು ಆಗಷ್ಟೇ ಒಡೆದ ಮೊದಲ ಹಂತದ ಮರಿಗಳು ಮಾತ್ರ. ದೂರು ಇಳಿಯಲು ಇನ್ನೂ ಸಮಯ ಹಿಡಿಯಿತು, ಏಕೆಂದರೆ ಹಾರುವ ಕ್ಯೂಲೆಕ್ಸ್ ಹೆಣ್ಣು ವಾರಗಟ್ಟಲೆ ಬದುಕುತ್ತದೆ. ಈ ಅವಧಿಯಲ್ಲಿ ಬಿಟಿಐ ಕೆಲಸ ಮಾಡಲಿಲ್ಲ ಎಂದು ಮತ್ತೆ ಮಾತು ಎದ್ದಿತು. ವಾರವಾರದ ಡಿಪ್ಪರ್ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಿದ ಮೇಲೆ ಅದು ನಿಂತಿತು.

ಹಗಲಿನ ಸೊಳ್ಳೆಗೆ ಪುಡಿ ಮೊದಲ ಉಪಾಯವಲ್ಲ. ಕಾರಂಜಿ ಬತ್ತಿಸಿದರು, ಫಿಲ್ಟರ್ ತೊಟ್ಟಿಗೆ ಮುಚ್ಚಳ ಹಾಕಿದರು. ಕುಂಡದ ತಟ್ಟೆಗಳನ್ನು ವಾರಕ್ಕೊಮ್ಮೆ ಚೆಲ್ಲಿದರಷ್ಟೇ ಸಾಲದು, ಬದಿಯನ್ನು ಬ್ರಷ್‌ನಿಂದ ಉಜ್ಜಬೇಕು. ಈಡಿಸ್ ಮೊಟ್ಟೆ ನೀರಂಚಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ನೀರು ತಾಗಿದಾಗ ಒಡೆಯುತ್ತದೆ. ಬೀಗ ಹಾಕಿದ ಎರಡು ಫ್ಲಾಟ್‌ಗಳ ಬಾಲ್ಕನಿಯಲ್ಲಿ ಕುಂಡಗಳಿದ್ದವು. ಒಬ್ಬ ಮಾಲೀಕರು ವಿದೇಶದಿಂದಲೇ ಒಪ್ಪಿಗೆ ಕೊಟ್ಟು ಬೀಗದ ಕೈ ಕಳಿಸಿದರು. ಇನ್ನೊಬ್ಬರು ಸಂಪರ್ಕಕ್ಕೆ ಸಿಕ್ಕಿಲ್ಲ. ಅಲ್ಲಿಗೆ ಮೇಲಿನ ಮನೆಯ ಬಾಲ್ಕನಿಯಿಂದ ಉದ್ದ ಪೈಪಿನ ಸ್ಪ್ರೇಯರಿನಲ್ಲಿ ವಾರಕ್ಕೊಮ್ಮೆ ಬಿಟಿಐ ಬೀಳುತ್ತಿದೆ. ಆ ಬಾಲ್ಕನಿಗೆ ಮಧ್ಯಾಹ್ನದ ಬಿಸಿಲು ನೇರ ಬೀಳುವುದರಿಂದ, ವಿಷ ಬಿಸಿಲಿಗೆ ಬೇಗ ಕೆಡದಂತೆ ಸಂಜೆ ಐದರ ಮೇಲೆ ಹಾಕಲು ಹೇಳಿದೆ.